ಮಾಸ್ಕ್ ಹಾಕಿಕೊಂಡು ಮಲಗುವುದನ್ನು ರೂಢಿ ಮಾಡಿಕೊಳ್ಳುವುದು ಹೇಗೆ?



ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ ಇದೆಯೆಂದು ಪರೀಕ್ಷೆಯಲ್ಲಿ ತಿಳಿದು, ವೈದ್ಯರು ನಿಮಗೆ ಸಿಪ್ಯಾಪ್ ಯಂತ್ರವನ್ನು ಬರೆದುಕೊಟ್ಟಿದ್ದಾರೆ. ಇನ್ನು ಉಳಿದಿರುವುದು ಪ್ರತಿ ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗುವುದು. ಹೇಳುವುದಕ್ಕೆ ಇದು ಸುಲಭ, ಮಾಡುವುದಕ್ಕೆ ಮೊದಲ ಕೆಲವು ದಿನ ಕಷ್ಟ.

ಮರುಭೇಟಿಗೆ ಬಂದವರನ್ನು 'ಯಂತ್ರ ಹೇಗಿದೆ?' ಎಂದು ಕೇಳಿದರೆ ಕೆಲವರು ತಲೆ ತಗ್ಗಿಸಿ ಹೇಳುತ್ತಾರೆ: 'ನಾಕು ದಿನ ಹಾಕ್ಕೊಂಡೆ ಸಿಸ್ಟರ್, ಆಗಲಿಲ್ರಿ. ಕಪಾಟಿನ್ಯಾಗ ಇಟ್ಟೀನ್ರಿ.' ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರ ಕಪಾಟಿನಲ್ಲಿರುತ್ತದೆ. ಆ ತಿಂಗಳೆಲ್ಲ ಕಾಯಿಲೆಗೆ ಚಿಕಿತ್ಸೆಯೇ ಆಗಿರುವುದಿಲ್ಲ. ವಿಚಾರಿಸಿ ನೋಡಿದರೆ ಕಾರಣ ಸಣ್ಣದು: ಪಟ್ಟಿ ಬಿಗಿಯಾಗಿತ್ತು, ಬಾಯಿ ಒಣಗುತ್ತಿತ್ತು, ಅಥವಾ ಮಾಸ್ಕಿನ ಅಳತೆ ತಪ್ಪಿತ್ತು. ಅದೇ ವಾರ ಬಂದು ಹೇಳಿದ್ದರೆ ಸರಿಪಡಿಸಬಹುದಾಗಿತ್ತು.

ಆದ್ದರಿಂದ ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಮಾಸ್ಕಿನಿಂದ ಆಗುವ ಹೆಚ್ಚಿನ ತೊಂದರೆಗಳಿಗೆ ಪರಿಹಾರವಿದೆ. ತೊಂದರೆಯಾದರೆ ನಮಗೆ ಹೇಳಿ, ಹೇಳದೆ ನಿಲ್ಲಿಸಬೇಡಿ.

ನಿದ್ದೆಯಲ್ಲಿ ಏನಾಗುತ್ತದೆ?

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಹಿಂದಕ್ಕೆ ಕುಸಿದು ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಗೊರಕೆ ಬರುತ್ತದೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಉಸಿರೇ ನಿಲ್ಲುತ್ತದೆ. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ದೇಹವನ್ನು ಎಚ್ಚರಿಸುತ್ತದೆ. ರೋಗಿ ಒಮ್ಮೆ ಮುಲುಕಿ, ದೊಡ್ಡದಾಗಿ ಉಸಿರೆಳೆದು ಮತ್ತೆ ನಿದ್ದೆಗೆ ಜಾರುತ್ತಾರೆ. ಬೆಳಿಗ್ಗೆ ಅವರಿಗೆ ಇದರ ನೆನಪಿರುವುದಿಲ್ಲ. ನಿಮ್ಮ ವರದಿಯಲ್ಲಿ ಎ.ಎಚ್.ಐ. ಎಂಬ ಒಂದು ಸಂಖ್ಯೆ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಅಥವಾ ತೀರಾ ಕಡಿಮೆಯಾಗಿದೆ ಎಂಬುದರ ಲೆಕ್ಕ ಅದು. 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. 30 ಅಂದರೆ ರಾತ್ರಿಯಿಡೀ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ಅಡ್ಡಿಯಾದಂತೆ.

ಗೊರಕೆ ಹೊಡೆಯುತ್ತ ಮಲಗಿದವರನ್ನು ನೋಡಿ 'ಸುಖನಿದ್ದೆ' ಎನ್ನುವುದು ನಮ್ಮ ರೂಢಿ. ಆದರೆ ಈ ಕಾಯಿಲೆ ಇರುವವರ ದೇಹಕ್ಕೆ ರಾತ್ರಿಯಿಡೀ ವಿಶ್ರಾಂತಿ ಇರುವುದಿಲ್ಲ. ಹಗಲೆಲ್ಲ ತೂಕಡಿಕೆ, ಬೆಳಿಗ್ಗೆ ತಲೆನೋವು, ಮರೆವು, ಸಿಟ್ಟು ಇವೆಲ್ಲ ಇದರಿಂದಲೇ ಬರಬಹುದು. ಚಿಕಿತ್ಸೆ ಇಲ್ಲದೆ ಬಿಟ್ಟ ತೀವ್ರ ಕಾಯಿಲೆಗೂ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯುಗಳಿಗೂ ನಂಟಿದೆ. ವಾಹನ ಓಡಿಸುವವರಿಗಂತೂ ಒಂದು ಕ್ಷಣದ ಜೋಂಪು ಸಾಕು.

ಯಂತ್ರ ಏನು ಮಾಡುತ್ತದೆ?

ಸಿಪ್ಯಾಪ್ ಯಂತ್ರವು ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಸ್ವಲ್ಪ ಒತ್ತಡದಲ್ಲಿ ಕೊಳವೆಯ ಮೂಲಕ ಮಾಸ್ಕಿಗೆ ಕಳಿಸುತ್ತದೆ. ಸೈಕಲ್ ಟ್ಯೂಬಿನಲ್ಲಿ ಗಾಳಿ ಇರುವವರೆಗೆ ಅದು ಕುಗ್ಗುವುದಿಲ್ಲವಲ್ಲ, ಹಾಗೆಯೇ ಈ ಗಾಳಿಯ ಒತ್ತಡ ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಈ ಯಂತ್ರಗಳಲ್ಲಿ 4ರಿಂದ 20ರವರೆಗೆ ಇಡಬಹುದು. ನಿಮಗೆ ಎಷ್ಟು ಬೇಕೆಂಬುದನ್ನು ವೈದ್ಯರು ಗೊತ್ತುಮಾಡುತ್ತಾರೆ.

ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದರು. ಅಂದಿನ ಯಂತ್ರ ದೊಡ್ಡದು, ಶಬ್ದವೂ ಬಹಳ. ಇಂದಿನದು ತಲೆದಿಂಬಿನ ಪಕ್ಕದ ಸಣ್ಣ ಮೇಜಿನ ಮೇಲೆ ಕೂರುತ್ತದೆ, ಶಬ್ದ ಫ್ಯಾನಿಗಿಂತ ಕಡಿಮೆ.

ಮನಸ್ಸಿನಲ್ಲಿರುವ ಕೆಲವು ಅಂಜಿಕೆಗಳು

'ಮಾಸ್ಕ್ ಹಾಕಿದರು ಅಂದರೆ ಕೊನೆಯ ಹಂತವೇ?' ಅಲ್ಲ. 2020 ಮತ್ತು 2021ರಲ್ಲಿ ಕೋವಿಡ್ ವಾರ್ಡುಗಳಲ್ಲಿ ಮುಖಕ್ಕೆ ಬಿಗಿದ ಮಾಸ್ಕ್‌ಗಳನ್ನು ಕಂಡ ಮನೆಗಳಲ್ಲಿ ಈ ಭಯ ಇನ್ನೂ ಇದೆ. ಆಗ ಯಾರನ್ನಾದರೂ ಕಳೆದುಕೊಂಡವರಿಗೆ ಮಾಸ್ಕ್ ನೋಡಿದರೆ ಸಂಕಟವಾಗುವುದು ಸಹಜ. ಆದರೆ ನಿಮ್ಮ ಮಾಸ್ಕ್ ಓಡಾಡಿಕೊಂಡು, ದುಡಿದುಕೊಂಡು ಇರುವವರು ರಾತ್ರಿ ಮಾತ್ರ ಹಾಕಿಕೊಳ್ಳುವಂಥದ್ದು.

'ಇದು ಆಕ್ಸಿಜನ್ನೇ?' ಅಲ್ಲ. ಇದು ಕೋಣೆಯ ಗಾಳಿ. ವೈದ್ಯರು ಆಕ್ಸಿಜನ್ ಅನ್ನೂ ಬರೆದುಕೊಟ್ಟಿದ್ದರೆ ಅದು ಬೇರೆ ವಿಷಯ. ಅಂಥವರ ಹತ್ತಿರ ಬೀಡಿ, ದೀಪ, ಊದುಬತ್ತಿ ಇರಕೂಡದು.

'ಒಮ್ಮೆ ರೂಢಿಯಾದರೆ ಬಿಡಲಾಗದಂತೆ?' ಇದು ಚಟವಲ್ಲ. ಕನ್ನಡಕ ಹಾಕಿದಾಗ ಕಾಣುತ್ತದೆ, ತೆಗೆದರೆ ಮೊದಲಿನಂತೆ ಮಸುಕಾಗುತ್ತದೆ. ಇದೂ ಹಾಗೆಯೇ. ತೂಕ ಬಹಳ ಇಳಿದವರಿಗೆ ವೈದ್ಯರು ಪರೀಕ್ಷೆಯನ್ನು ಮತ್ತೆ ಮಾಡಿ ನೋಡುತ್ತಾರೆ. ಅಲ್ಲಿಯವರೆಗೆ ನೀವಾಗಿಯೇ ನಿಲ್ಲಿಸಬೇಡಿ.

'ನಿದ್ದೆಯಲ್ಲಿ ಕರೆಂಟ್ ಹೋದರೆ ಉಸಿರು ಕಟ್ಟುವುದಿಲ್ಲವೇ?' ಮೂಗಿನ ಮಾಸ್ಕ್ ಹಾಕಿದವರು ಬಾಯಿಂದ ಉಸಿರಾಡಬಹುದು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಯಂತ್ರ ನಿಂತಾಗ ತೆರೆದುಕೊಳ್ಳುವ ಕವಾಟವಿರುತ್ತದೆ. ಗಾಳಿ ನಿಂತ ಕೂಡಲೇ ಹೆಚ್ಚಿನವರಿಗೆ ಎಚ್ಚರವಾಗುತ್ತದೆ. ಆಗ ಮಾಸ್ಕ್ ತೆಗೆದು, ಒಂದು ಮಗ್ಗುಲಾಗಿ ಮಲಗಿ. ಕರೆಂಟ್ ಬಂದ ಮೇಲೆ ಮತ್ತೆ ಹಾಕಿಕೊಳ್ಳಿ. ಇನ್ವರ್ಟರ್ ಇರುವ ಮನೆಗಳಲ್ಲಿ ಯಂತ್ರದ ನೀರು ಬಿಸಿಮಾಡುವ ಭಾಗವನ್ನು ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಅಳತೆ ಸರಿಯಿರಲಿ

ಚಪ್ಪಲಿಯ ಅಳತೆ ತಪ್ಪಿದರೆ ಕಾಲು ಕಚ್ಚುವ ಹಾಗೆ ಮಾಸ್ಕಿನ ಅಳತೆ ತಪ್ಪಿದರೆ ಮುಖ ನೋಯುತ್ತದೆ. ಮೂಗಿನ ಹೊಳ್ಳೆಗೆ ಮಾತ್ರ ಕೂರುವುದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಗಳಿವೆ. ಅಳತೆ ನೋಡುವಾಗ ಈ ಸಂಗತಿಗಳನ್ನು ಮರೆಯದೆ ತಿಳಿಸಿ:

1. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆಯುತ್ತೀರೋ ಇಲ್ಲವೋ ಹೇಳಿ. ಹಲ್ಲು ತೆಗೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ.

2. ದಪ್ಪ ಮೀಸೆ, ಗಡ್ಡ ಇದ್ದರೆ ಗಾಳಿ ಸೋರಬಹುದು. ಬೋಳಿಸಲೇಬೇಕೆಂದಿಲ್ಲ, ಬೇರೆ ಬಗೆಯ ಮಾಸ್ಕ್ ಹೊಂದುತ್ತದೆಯೇ ನೋಡೋಣ.

3. ತಾಯಂದಿರು ಮೂಗುಬಟ್ಟು ಒತ್ತುತ್ತದೆಯೇ ನೋಡಿ ಹೇಳಿ.

4. ಹಣೆಯ ಮೇಲೆ ಆನಿಸುವ ಮಾಸ್ಕ್ ಆದರೆ, ಅದು ಚರ್ಮಕ್ಕೆ ತಾಗುವ ಜಾಗದಲ್ಲಿ ವಿಭೂತಿ, ಕುಂಕುಮ, ಪೌಡರ್, ಎಣ್ಣೆ ಇರದಂತೆ ನೋಡಿಕೊಳ್ಳಿ. ಪುಡಿ ಮತ್ತು ಜಿಡ್ಡು ಇದ್ದರೆ ಮಾಸ್ಕ್ ಜಾರುತ್ತದೆ. ಮಲಗುವ ಮುಂಚೆ ಮುಖ ತೊಳೆದು ಒರೆಸಿಕೊಳ್ಳುವುದು ಒಳ್ಳೆಯದು.

5. ಪೇಸ್‌ಮೇಕರ್ ಇದ್ದವರು, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿಸಿಕೊಂಡವರು, ಕಿವಿಯೊಳಗೆ ಯಂತ್ರ ಅಳವಡಿಸಿಕೊಂಡವರು ತಪ್ಪದೆ ತಿಳಿಸಿ. ಕೆಲವು ಮಾಸ್ಕ್‌ಗಳ ಪಟ್ಟಿಯಲ್ಲಿ ಅಯಸ್ಕಾಂತ ಇರುತ್ತದೆ, ಅದು ಇಂಥವರಿಗೆ ಅಪಾಯಕಾರಿ. ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೂ ಹೇಳಿ.

ಮಾಸ್ಕಿನ ಪಟ್ಟಿಯನ್ನು ಕುಳಿತು ಬಿಗಿಯಬೇಡಿ. ಮಲಗಿಕೊಂಡು, ಯಂತ್ರ ಹಚ್ಚಿ, ಗಾಳಿ ಬರುತ್ತಿರುವಾಗ ಹೊಂದಿಸಿ. ಪಟ್ಟಿಯ ಕೆಳಗೆ ಒಂದೆರಡು ಬೆರಳು ಸಲೀಸಾಗಿ ಹೋಗುವಂತಿರಲಿ.

ಐದು ಮೆಟ್ಟಿಲುಗಳು

ಮೊದಲ ರಾತ್ರಿಯೇ ಮಾಸ್ಕ್ ಬಿಗಿದುಕೊಂಡು ಕತ್ತಲಲ್ಲಿ ಮಲಗಿದರೆ ಗಾಬರಿಯಾಗುವುದು ಸಹಜ. ಹೀಗೆ ಗಾಬರಿಯಾಗುವವರು ರೂಢಿಯನ್ನು ಹಗಲಿನಲ್ಲಿ, ಎಚ್ಚರವಿರುವಾಗ ಶುರುಮಾಡಲಿ.

ಮೊದಲನೆಯ ಮೆಟ್ಟಿಲು: ಯಂತ್ರಕ್ಕೆ ಜೋಡಿಸದೆ ಬರಿಯ ಮಾಸ್ಕನ್ನು ಕೈಯಲ್ಲಿ ಹಿಡಿದು ಮುಖಕ್ಕೆ ಆನಿಸಿಕೊಳ್ಳಿ. ಐದು ನಿಮಿಷ ಸಾಕು. ಬೇಡವೆನಿಸಿದಾಗ ನೀವೇ ತೆಗೆಯಬಹುದು. ಈ ಧೈರ್ಯ ಬರುವುದು ಮುಖ್ಯ.

ಎರಡನೆಯದು: ಪಟ್ಟಿ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳಿ. ಕತ್ತಲಲ್ಲೂ ಥಟ್ಟನೆ ತೆಗೆಯಲು ಬರುವಂತೆ ಕೊಂಡಿಯನ್ನು ಕಣ್ಣು ಮುಚ್ಚಿ ಬಿಚ್ಚಿ ಹಾಕುವುದನ್ನು ಕಲಿಯಿರಿ.

ಮೂರನೆಯದು: ಯಂತ್ರ ಹಚ್ಚಿ, ಮಾಸ್ಕ್ ಹಾಕಿಕೊಂಡು ಟಿ.ವಿ. ನೋಡಿ, ಪೇಪರ್ ಓದಿ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕುಳಿತಿರಿ. ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರಾಡಿ. ಮೂಗಿನ ಮಾಸ್ಕ್ ಹಾಕಿ ಮಾತಾಡಲು ಹೋದರೆ ಗಾಳಿ ಬಾಯಿಂದ ನುಗ್ಗಿ ಗಾಬರಿಯಾಗುತ್ತದೆ, ಆದ್ದರಿಂದ ಆ ಹೊತ್ತು ಮಾತು ಬೇಡ.

ನಾಲ್ಕನೆಯದು: ಮಧ್ಯಾಹ್ನ ಊಟವಾದ ಮೇಲೆ ಮಾಸ್ಕ್ ಹಾಕಿಕೊಂಡು ಅಡ್ಡಾಗಿ. ನಿದ್ದೆ ಬಂದರೆ ಒಳ್ಳೆಯದು, ಬಾರದಿದ್ದರೂ ಚಿಂತೆಯಿಲ್ಲ.

ಐದನೆಯದು: ರಾತ್ರಿ ಮಲಗುವಾಗ ಹಾಕಿಕೊಳ್ಳಿ. ಯಂತ್ರದಲ್ಲಿ ರ್‍ಯಾಂಪ್ ಎಂಬ ಸೌಲಭ್ಯವಿದ್ದರೆ ಗಾಳಿ ಕಡಿಮೆ ಒತ್ತಡದಲ್ಲಿ ಶುರುವಾಗಿ ನಿಧಾನವಾಗಿ ಏರುತ್ತದೆ. ಒತ್ತಡ ಏರುವಷ್ಟರಲ್ಲಿ ನಿಮಗೆ ನಿದ್ದೆ ಹತ್ತಿರುತ್ತದೆ.

ಒಂದು ಮೆಟ್ಟಿಲು ನಿರಾಳವಾದ ಮೇಲೆಯೇ ಮುಂದಿನದಕ್ಕೆ ಹೋಗಿ. ಒಬ್ಬರಿಗೆ ಎರಡು ದಿನ ಹಿಡಿದರೆ ಇನ್ನೊಬ್ಬರಿಗೆ ಎರಡು ವಾರ ಹಿಡಿಯಬಹುದು. ಗಾಬರಿಯಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತಿ. ಎರಡು ವಾರವಾದರೂ ರಾತ್ರಿ ಹಾಕಿಕೊಳ್ಳಲು ಆಗದಿದ್ದರೆ ಮರುಭೇಟಿಯ ದಿನಕ್ಕೆ ಕಾಯದೆ ಬನ್ನಿ.

ನಮ್ಮಲ್ಲಿಗೆ ಬರುವ ಒಬ್ಬ ಟ್ರ್ಯಾಕ್ಟರ್ ಚಾಲಕರು ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಫ್ಯಾಕ್ಟರಿಗೆ ಲೋಡು ಒಯ್ಯುವಾಗ ತೂಕಡಿಸಿ, ಟ್ರ್ಯಾಕ್ಟರ್ ರಸ್ತೆಯಿಂದ ಕೆಳಗಿಳಿದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮೊದಲ ರಾತ್ರಿ ಅವರು ಮಾಸ್ಕ್ ಕಿತ್ತೆಸೆದರು. ಮೂರನೆಯ ರಾತ್ರಿಯ ಹೊತ್ತಿಗೆ ಯಂತ್ರ ಪೆಟ್ಟಿಗೆ ಸೇರಿತ್ತು. ಅವರ ಮನೆಯಾಕೆ ಮರುದಿನವೇ ಬಂದು ವಿಷಯ ತಿಳಿಸಿದ್ದರಿಂದ ಹಗಲಿನ ಅಭ್ಯಾಸದಿಂದ ಮತ್ತೆ ಶುರುಮಾಡಿಸಿದೆವು, ಮಾಸ್ಕನ್ನೂ ಬದಲಿಸಿದೆವು. ಮೂರನೆಯ ವಾರದ ಹೊತ್ತಿಗೆ ಅವರು ರಾತ್ರಿಯಿಡೀ ಮಲಗಿದರು. ಅವರ ಮನೆಯಾಕೆ ಹೇಳಿದ್ದು: 'ಇಷ್ಟ ವರ್ಷ ಉಸರ ನಿಂತಾಗೊಮ್ಮೆ ಅಲುಗಾಡಿಸಿ ಎಬ್ಬಸ್ತಿದ್ದೆ ಸಿಸ್ಟರ್. ಈಗ ನನಗೂ ನಿದ್ದಿ ಹತ್ತತೈತಿ.'

ಎಷ್ಟು ಹೊತ್ತು ಹಾಕಿಕೊಳ್ಳಬೇಕು?

ನಿದ್ದೆ ಮಾಡುವಷ್ಟು ಹೊತ್ತೂ ಹಾಕಿಕೊಳ್ಳಬೇಕು. ರಾತ್ರಿಗೆ 4 ಗಂಟೆಯನ್ನು ವೈದ್ಯರು ಕನಿಷ್ಠ ಲೆಕ್ಕವಾಗಿ ಹಿಡಿಯುತ್ತಾರೆ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚಿರುತ್ತದೆ. ಆ ನಿದ್ದೆಯಲ್ಲಿ ಸ್ನಾಯುಗಳು ತೀರಾ ಸಡಿಲಾಗುವುದರಿಂದ ಅನೇಕರಿಗೆ ಉಸಿರು ಹೆಚ್ಚು ಕಟ್ಟುವುದು ಆಗಲೇ. ಮೂರು ಗಂಟೆಗೆ ಮೂತ್ರಕ್ಕೆ ಎದ್ದು ಮಾಸ್ಕ್ ತೆಗೆದಿಟ್ಟು ಮಲಗುವವರಿಗೆ ಆ ಹೊತ್ತಿನ ಚಿಕಿತ್ಸೆ ತಪ್ಪುತ್ತದೆ. ಎದ್ದಾಗ ಮಾಸ್ಕಿನಿಂದ ಕೊಳವೆಯನ್ನು ಮಾತ್ರ ಬಿಚ್ಚಿ ಹೋಗಿ ಬನ್ನಿ, ಬಂದು ಮತ್ತೆ ಜೋಡಿಸಿಕೊಳ್ಳಿ.

ಸಾಮಾನ್ಯ ತೊಂದರೆಗಳು, ಪರಿಹಾರಗಳು

ಬಾಯಿ, ಗಂಟಲು ಒಣಗುವುದು: ಬಾಯಿ ತೆರೆದು ಮಲಗುವವರಿಗೆ ಇದು ಹೆಚ್ಚು. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಳಸಿ. ಗದ್ದಕ್ಕೆ ಕಟ್ಟುವ ಪಟ್ಟಿ ಅಥವಾ ಬಾಯಿಯನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು.

ಮೂಗು ಕಟ್ಟುವುದು: ಉಪ್ಪುನೀರಿನ ಮೂಗಿನ ಹನಿ ಕೆಲವರಿಗೆ ಸಾಕಾಗುತ್ತದೆ. ಅಲರ್ಜಿ ಇದ್ದರೆ ಅದಕ್ಕೆ ಔಷಧ ಬೇಕು. ಮೂಗು ತೆರೆಸುವ ಡ್ರಾಪ್ಸನ್ನು ಅಂಗಡಿಯಿಂದ ತಂದು ದಿನಗಟ್ಟಲೆ ಹಾಕಿಕೊಳ್ಳಬೇಡಿ, ಅದರಿಂದ ಕಟ್ಟುವುದು ಇನ್ನೂ ಹೆಚ್ಚುತ್ತದೆ.

ಮೂಗಿನ ಮೇಲೆ ಕೆಂಪು ಗುರುತು, ಹುಣ್ಣು: ಪಟ್ಟಿ ಹೆಚ್ಚು ಬಿಗಿಯಾಗಿದೆ ಅಥವಾ ಅಳತೆ ತಪ್ಪಿದೆ. ಗಾಳಿ ಸೋರುತ್ತದೆಂದು ಇನ್ನಷ್ಟು ಬಿಗಿಯಬೇಡಿ. ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಕೂರಿಸಿ.

ಕಣ್ಣಿಗೆ ಗಾಳಿ ಬಡಿಯುವುದು: ಮೇಲ್ಭಾಗದಲ್ಲಿ ಸೋರುತ್ತಿದೆ. ಬೆಳಿಗ್ಗೆ ಕಣ್ಣು ಕೆಂಪಾಗುತ್ತಿದ್ದರೆ ಮಾಸ್ಕ್ ತಂದು ತೋರಿಸಿ.

ಹೊಟ್ಟೆ ಉಬ್ಬರ, ತೇಗು: ಗಾಳಿ ನುಂಗಿದಾಗ ಹೀಗಾಗುತ್ತದೆ. ಒತ್ತಡವನ್ನು ನೀವಾಗಿಯೇ ಬದಲಿಸದೆ ವೈದ್ಯರಿಗೆ ಹೇಳಿ.

ಕೊಳವೆಯಲ್ಲಿ ನೀರು ನಿಂತು ಗುಳುಗುಳು ಎನ್ನುವುದು: ಚಳಿಗಾಲದಲ್ಲಿ ಇದು ಸಾಮಾನ್ಯ. ಯಂತ್ರವನ್ನು ಹಾಸಿಗೆಗಿಂತ ಕೆಳಮಟ್ಟದಲ್ಲಿಡಿ, ಕೊಳವೆಗೆ ಬಟ್ಟೆ ಸುತ್ತಿ.

ನಿದ್ದೆಗಣ್ಣಿನಲ್ಲಿ ಮಾಸ್ಕ್ ಕಿತ್ತುಹಾಕುವುದು: ಮೊದಮೊದಲು ಅನೇಕರು ಹೀಗೆ ಮಾಡುತ್ತಾರೆ. ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಿ.

ಬಹಳ ಮುಖ್ಯವಾದ ಎಚ್ಚರಿಕೆ: ಮಾಸ್ಕಿನ ಮುಂಭಾಗದಲ್ಲಿ ಸಣ್ಣ ತೂತುಗಳಿದ್ದು ಅಲ್ಲಿಂದ ಸದಾ ಗಾಳಿ ಹೊರಬರುತ್ತದೆ. ನೀವು ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಸೋರುತ್ತಿದೆ ಎಂದುಕೊಂಡು ಅದಕ್ಕೆ ಪ್ಲಾಸ್ಟರ್ ಅಂಟಿಸಬೇಡಿ, ಬಟ್ಟೆಯಿಂದ ಮುಚ್ಚಬೇಡಿ.

ಸ್ವಚ್ಛತೆ

ಮುಖಕ್ಕೆ ತಾಗುವ ಮೆತ್ತೆಯನ್ನು ದಿನವೂ ಬೆಳಿಗ್ಗೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕೊಳವೆ ಮತ್ತು ಪಟ್ಟಿಗಳನ್ನು ವಾರಕ್ಕೊಮ್ಮೆ ತೊಳೆಯಿರಿ. ಡೆಟಾಲ್, ಬ್ಲೀಚಿಂಗ್ ಪೌಡರ್, ಸ್ಪಿರಿಟ್ ಬಳಸಬೇಡಿ. ನೀರಿನ ಡಬ್ಬಿಯನ್ನು ದಿನವೂ ಖಾಲಿಮಾಡಿ ತೊಳೆದು ಒಣಗಿಸಿ, ರಾತ್ರಿ ಹೊಸ ನೀರು ಹಾಕಿ. ಔಷಧ ಅಂಗಡಿಯ ಡಿಸ್ಟಿಲ್ಡ್ ವಾಟರ್ ಉತ್ತಮ. ಸಿಗದ ದಿನ ಕುದಿಸಿ ಆರಿಸಿದ ಕುಡಿಯುವ ನೀರು ಹಾಕಬಹುದು. ಬೋರ್‌ವೆಲ್ಲಿನ ಗಡಸು ನೀರು ಡಬ್ಬಿಯಲ್ಲಿ ಬಿಳಿ ಪದರು ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ನೀರು ಬೇಡವೇ ಬೇಡ.

ಗಾಳಿ ಸೋಸುವ ಫಿಲ್ಟರನ್ನು ಯಂತ್ರದ ಪುಸ್ತಕದಲ್ಲಿ ಹೇಳಿದಂತೆ ಬದಲಿಸಿ. ರಾಶಿ ಮಾಡುವ ಕಾಲದಲ್ಲಿ ಧೂಳು ಹೆಚ್ಚು, ಆಗ ಆಗಾಗ ತೆಗೆದು ನೋಡಿ.

ಯಾರೋ ಬಳಸಿ ಬಿಟ್ಟ ಯಂತ್ರ ಕಡಿಮೆ ಬೆಲೆಗೆ ಸಿಕ್ಕರೆ ನಮಗೆ ತೋರಿಸದೆ ಬಳಸಬೇಡಿ. ಅದರ ಒತ್ತಡ ಬೇರೆಯವರಿಗೆ ಹೊಂದಿಸಿದ್ದು. ಅಲ್ಲದೆ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿಯು, ಶಬ್ದ ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಗಾಳಿಯಲ್ಲಿ ಸೇರಬಹುದೆಂಬ ಕಾರಣಕ್ಕೆ, ತನ್ನ ಹಲವು ಮಾದರಿಯ ಯಂತ್ರಗಳನ್ನು ಹಿಂದಕ್ಕೆ ಪಡೆಯಿತು. ಹಳೆಯ ಯಂತ್ರ ಅಂಥದ್ದೇ ಎಂದು ನೋಡಿ ಖಚಿತಪಡಿಸಿಕೊಳ್ಳಬೇಕು.

ಮನೆಯವರಲ್ಲಿ ಒಂದು ವಿನಂತಿ

ರೋಗಿಗೆ ತನ್ನ ಉಸಿರು ನಿಲ್ಲುವುದು ಕಾಣಿಸುವುದಿಲ್ಲ, ಕಾಣುವುದು ನಿಮಗೆ. ಆದ್ದರಿಂದ ನಿಮ್ಮ ಸಹಾಯ ದೊಡ್ಡದು.

* ಮಾಸ್ಕ್ ಹಾಕಿದ ಮುಖ ನೋಡಿ ನಗಬೇಡಿ. 'ಆನೆ ಸೊಂಡಿಲು' ಎಂಬ ಒಂದು ತಮಾಷೆಯ ಮಾತಿಗೆ ಯಂತ್ರ ಬಿಟ್ಟವರಿದ್ದಾರೆ. ಮೊಮ್ಮಕ್ಕಳು ಹೆದರಿದರೆ ಹಗಲಿನಲ್ಲಿ ಮಾಸ್ಕನ್ನು ಅವರ ಕೈಗೆ ಕೊಟ್ಟು ತೋರಿಸಿ.

* ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಎಷ್ಟು ಗಂಟೆ ಹಾಕಿಕೊಂಡರು, ಏನು ತೊಂದರೆಯಾಯಿತು ಎಂದು ಬರೆಯಿರಿ. ಮರುಭೇಟಿಗೆ ಬರುವಾಗ ಆ ಹಾಳೆಯನ್ನೂ ಯಂತ್ರವನ್ನೂ ಮಾಸ್ಕನ್ನೂ ತನ್ನಿ.

* ಮದುವೆ, ಜಾತ್ರೆ, ನೆಂಟರ ಮನೆಗೆ ಹೋಗುವಾಗ ಯಂತ್ರವನ್ನು ಜೊತೆಗೆ ಒಯ್ಯಿರಿ. ನಾಚಿಕೆಪಡುವ ವಿಷಯ ಇದರಲ್ಲಿಲ್ಲ.

* ಮದ್ಯ ಮತ್ತು ನಿದ್ದೆಮಾತ್ರೆ ಗಂಟಲನ್ನು ಇನ್ನೂ ಸಡಿಲಿಸುತ್ತವೆ. ಮದ್ಯವನ್ನು ಬಿಡಿಸಿ. ನಿದ್ದೆಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

* ಬೇರೆ ಯಾವುದೇ ಆಪರೇಷನ್ ಆಗುವುದಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯ ವಿಷಯ ಮೊದಲೇ ತಿಳಿಸಿ. ಯಂತ್ರವನ್ನು ಆಸ್ಪತ್ರೆಗೆ ತನ್ನಿ.

* ಹಗಲಿನ ತೂಕಡಿಕೆ ಹೋಗಿ, ವೈದ್ಯರು ಒಪ್ಪುವವರೆಗೆ ವಾಹನದ ಕೀಲಿಯನ್ನು ಅವರ ಕೈಗೆ ಕೊಡಬೇಡಿ.

ಕೂಡಲೇ ಬರಬೇಕಾದ ಸಂದರ್ಭಗಳು

ಎದೆನೋವು, ಎಚ್ಚರವಿದ್ದಾಗಲೂ ಏದುಸಿರು, ನಿಲ್ಲದ ಮೂಗಿನ ರಕ್ತಸ್ರಾವ, ತೀವ್ರ ಕಿವಿನೋವು, ಮುಖಕ್ಕೆ ಅಥವಾ ತಲೆಗೆ ಪೆಟ್ಟು, ಬಿಡದ ವಾಂತಿ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು. ಇಂಥ ಸಂದರ್ಭದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ವಾಂತಿಯಾಗುತ್ತಿರುವವರಿಗೆ, ಪೂರ್ತಿ ಎಚ್ಚರವಿಲ್ಲದವರಿಗೆ ಮನೆಯಲ್ಲಿ ಮಾಸ್ಕ್ ಹಾಕಬೇಡಿ.

ಕೊನೆಯದಾಗಿ

ಕೆಲವರಿಗೆ ಮೊದಲ ವಾರದಲ್ಲೇ ಬೆಳಿಗ್ಗೆ ಮೈ ಹಗುರವೆನಿಸುತ್ತದೆ, ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಗುತ್ತದೆ. ಇನ್ನು ಕೆಲವರಿಗೆ ತಿಂಗಳು ಹಿಡಿಯುತ್ತದೆ. ಮೈ ಹಗುರಾಯಿತೆಂದು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನಾಗಲಿ ಯಂತ್ರವನ್ನಾಗಲಿ ನಿಲ್ಲಿಸಬೇಡಿ. ಯಂತ್ರ ಬಿಟ್ಟರೆ ಗೊರಕೆ, ಉಸಿರು ಕಟ್ಟುವುದು ಕೆಲವೇ ದಿನಗಳಲ್ಲಿ ಮರಳುತ್ತವೆ.

ಈಗಾಗಲೇ ಯಂತ್ರವನ್ನು ಕಪಾಟಿನಲ್ಲಿಟ್ಟವರು ಈ ಹಾಳೆಯನ್ನು ಓದುತ್ತಿದ್ದರೆ ಸಂಕೋಚ ಬೇಡ, ನಿಮ್ಮನ್ನು ಯಾರೂ ಬೈಯುವುದಿಲ್ಲ. ಯಂತ್ರದ ಧೂಳು ಒರೆಸಿ, ಮಾಸ್ಕ್ ಸಮೇತ ಚೀಲದಲ್ಲಿ ಹಾಕಿಕೊಂಡು ಹೊರರೋಗಿ ವಿಭಾಗಕ್ಕೆ ಬನ್ನಿ. ಒತ್ತಡ ಸರಿಯಿದೆಯೇ, ಅಳತೆ ಹೊಂದುತ್ತದೆಯೇ ನೋಡಿ, ಮೊದಲ ಮೆಟ್ಟಿಲಿನಿಂದ ಮತ್ತೆ ಶುರುಮಾಡೋಣ.